ಗಡಿಗೆ ಅಬ್ಬಿಯ ಲಿಂಗಶೋಧ

ಮಳೆ ಹಿಡಿಯುವುದಕ್ಕೆ ಮೊದಲು ಗಡಿಗೆ ಅಬ್ಬಿ ಎಂಬ ಜಲಪಾತದ ಮಡುವನ್ನು ತಳದವರೆಗೆ ಶೋಧಿಸಬೇಕು. ಅದರೊಳಗೆ ಬಿದ್ದುಹೋದ ಇಷ್ಟಲಿಂಗವನ್ನು ಹುಡುಕಿ ತರಬೇಕು. ಸೂರ್ಯೋದಯದ ಹೊತ್ತಿಗೆ ಶಿವಮೊಗ್ಗದ ಕೋಟೆಯ ಬೀದಿಯಿಂದ ಹೊರಟ ಜೀಪಿನಲ್ಲಿದ್ದವರ ಉದ್ದೇಶ ಇಷ್ಟೇ ಆಗಿತ್ತು.

ಲಿಂಗವನ್ನು ಕಳೆದುಕೊಂಡವರು ಚಂದ್ರಶೇಖರಪ್ಪ. ಕೋಟೆಯಲ್ಲಿ ತಾಮ್ರ ಹಿತ್ತಾಳೆಯ ಪಾತ್ರೆಗಳ ಅಂಗಡಿ ಇಟ್ಟವರು, ಎಪ್ಪತ್ತರ ಸಮೀಪದವರು. ಬಾಲ್ಯದಲ್ಲಿ ಮಠದ ಹಿಂದಿನ ಗುರುಗಳು ದೀಕ್ಷೆಯಿತ್ತು ಕೊಟ್ಟ ಆ ಪುಟ್ಟ ಕರಿಯ ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿರಿಸಿ ಕೊರಳಲ್ಲಿ ಧರಿಸಿದ್ದರು. ದಿನವೂ ಅದನ್ನು ಎಡ ಅಂಗೈಯ ಮೇಲಿಟ್ಟು ಪೂಜಿಸಿ, ಆ ನಂತರವೇ ನೀರು ಮುಟ್ಟುತ್ತಿದ್ದರು. ಈ ಕ್ರಮಕ್ಕೆ ಅವರ ಜೀವಮಾನದಲ್ಲಿ ಎಂದೂ ಭಂಗ ಬಂದಿರಲಿಲ್ಲ.

ಭಂಗ ಬಂದದ್ದು ಹಿಂದಿನ ದಿನ. ಅವರ ಸೊಸೆ ರಶ್ಮಿ ನಗರದ ಈಜುಕೊಳವೊಂದರಲ್ಲಿ ತರಬೇತುದಾರಳು. ಭಾನುವಾರಗಳಂದು ಕೆಲವರೊಡನೆ ಕಾಡಿನೊಳಗಿನ, ಜನ ಹೆಚ್ಚು ಕಾಣದ ಸಣ್ಣ ಜಲಪಾತಗಳಿಗೆ ನಡೆದುಹೋಗುವುದು ಅವಳ ಹವ್ಯಾಸ. ಈ ಸಲ ಮಾವನನ್ನೂ ಒತ್ತಾಯಿಸಿ ಕರೆದೊಯ್ದಿದ್ದಳು. ಬೆಳಗಿನ ಪೂಜೆಯನ್ನು ಅಬ್ಬಿಯ ಬಂಡೆಯ ಮೇಲೆಯೇ ಮಾಡುವೆನೆಂದು ಚಂದ್ರಶೇಖರಪ್ಪನವರು ಏನನ್ನೂ ಸೇವಿಸದೆ ಹೊರಟಿದ್ದರು. ಅಲ್ಲಿ, ಬಂಡೆಯ ಅಂಚಿನಿಂದ ದಾರದಂತೆ ಇಳಿಯುತ್ತಿದ್ದ ನೀರಿನ ಎಳೆಯೊಂದನ್ನು ಕಂಡಾಗ ಅವರ ಮನಸ್ಸಿನಲ್ಲಿ ಒಂದು ಭಾವ ಮೂಡಿತು. ಮನೆಯಲ್ಲಿ ತಂಬಿಗೆಯಿಂದ ಎರೆಯುವ ಅಭಿಷೇಕವನ್ನು ಇಂದು ಗಿರಿಯೇ ಎರೆಯಲಿ. ಎಳೆಯ ಕೆಳಗೆ ಲಿಂಗವಿದ್ದ ಅಂಗೈಯನ್ನು ಒಡ್ಡಿ, ದೃಷ್ಟಿಯನ್ನು ಅದರಲ್ಲಿ ನೆಟ್ಟು ನಿಂತರು. ಮೇಲಿನ ಗುಡ್ಡದಲ್ಲಿ ಎಲ್ಲೋ ಮಳೆ ಸುರಿದಿತ್ತು. ಎಳೆ ಹಗ್ಗವಾಯಿತು, ಹಗ್ಗ ಧಾರೆಯಾಯಿತು. ಲಿಂಗದಲ್ಲಿ ದೃಷ್ಟಿ ನೆಟ್ಟವರಿಗೆ ಅದು ಕಾಣಲಿಲ್ಲ. ನೀರಿನ ಒಂದೇ ಹೊಡೆತಕ್ಕೆ ಅಂಗೈ ಬರಿದಾಯಿತು.

ಆಗಿನಿಂದ ಅವರು ಅನ್ನವನ್ನಾಗಲಿ ನೀರನ್ನಾಗಲಿ ಮುಟ್ಟಿರಲಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಡಬ್ಬಿಯಲ್ಲೇ ಉಳಿದಿತ್ತು.

"ಮಠಕ್ಕೆ ಹೋಗಿ ಕೇಳಿದ್ರೆ ಗುರುಗಳು ಬೇರೆ ಕೊಡ್ತಾರೆ. ಎಷ್ಟು ಜನಕ್ಕೆ ಕೊಟ್ಟಿಲ್ಲ?" ಎಂದು ಹೆಂಡತಿ ಕಾಶಮ್ಮ ಅಂಗಲಾಚಿದ್ದರು.

"ಕೊಡ್ತಾರೆ. ಹುಡುಕಿದ್ರಾ ಅಂತ ಕೇಳಿದ್ರೆ ಏನಂತ ಹೇಳ್ಲಿ? ಹುಡುಕ್ದೆ ಹೋಗಿ ಕೈ ಒಡ್ಡೋಕೆ ನನ್ನಿಂದಾಗಲ್ಲ ಕಾಶಿ."

ಕಾಶಮ್ಮ ಸೊಸೆಯ ಕಡೆಗೆ ತಿರುಗಿದ್ದರು. "ನಿನ್ನ ಜೊತೆ ಕಳಿಸಿದ್ದೇ ತಪ್ಪಾಯ್ತು ಮಾರಾಯ್ತಿ."

ರಶ್ಮಿ ಒಳಗೆ ಹೋಗಿ ಈಜುವ ಕನ್ನಡಕವನ್ನು ಚೀಲಕ್ಕೆ ಹಾಕಿಕೊಂಡಿದ್ದಳು.

ಜೀಪನ್ನು ನಡೆಸುತ್ತಿದ್ದವನು ಶಿವಪ್ರಸಾದ್. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ರಶ್ಮಿಯ ಚಾರಣದ ಗುಂಪಿಗೆ ಹಗ್ಗ, ಕೊಂಡಿ, ರಾಟೆಗಳ ಹೊಣೆಗಾರ. ಆಯನೂರಿನಲ್ಲಿ ಅರಣ್ಯ ಇಲಾಖೆಯ ಕಾವಲುಗಾರ ಚೌಡಯ್ಯ ಹತ್ತಿಕೊಂಡ. ಅವನಿಲ್ಲದೆ ಕಾಡಿನೊಳಗೆ ಪ್ರವೇಶವಿರಲಿಲ್ಲ.

"ನಾನು ನೀರಿಗಿಳಿಯಲ್ಲ ಸಾರ್, ಮೊದ್ಲೇ ಹೇಳ್ಬಿಡ್ತೀನಿ," ಎಂದ ಚೌಡಯ್ಯ, ಕೂರುವ ಮೊದಲೇ. "ಆನೆ ಬಂದ್ರೆ ನಾನು, ನೀರು ಬಂದ್ರೆ ನೀವು."

"ಆನೆ ಬಂದ್ರೆ ಮೊದ್ಲು ಓಡೋನು ನೀನೇ ಅಲ್ವೇನೋ ಮಾರಾಯ?" ಎಂದ ಶಿವಪ್ರಸಾದ್.

"ಓಡೋ ದಾರಿ ತೋರ್ಸೋಕೆ ಯಾರಾದ್ರೂ ಮುಂದಿರ್ಬೇಕಲ್ಲ ಸಾರ್!"

ಹಿಂದಿನ ಆಸನದಲ್ಲಿದ್ದ ಚಂದ್ರಶೇಖರಪ್ಪನವರ ಒಣಗಿದ ತುಟಿಯ ಮೇಲೂ ನಗೆ ಸುಳಿಯಿತು. ಅವರನ್ನು ಮನೆಯಲ್ಲಿಯೇ ಬಿಟ್ಟುಬರಲು ಎಲ್ಲರೂ ಯತ್ನಿಸಿದ್ದರು, ಅದು ಸಾಧ್ಯವಾಗಿರಲಿಲ್ಲ. ಮಡುವಿನ ತಳದಲ್ಲಿ ನೀರಿನಿಂದ ನುಣುಪಾದ ಕರಿಯ ಕಲ್ಲುಗಳು ಅಸಂಖ್ಯ. ಅವುಗಳ ನಡುವೆ ಲಿಂಗ ಯಾವುದೆಂದು ಕಣ್ಣು ಹೇಳಲಾರದು. ಅದನ್ನು ನಿತ್ಯವೂ ಹೊತ್ತ ಅಂಗೈಯೊಂದೇ ಹೇಳಬಲ್ಲದು.

ಟಾರು ರಸ್ತೆ ಮುಗಿದು, ಮಣ್ಣಿನ ದಾರಿಯೂ ಮುಗಿದಲ್ಲಿ ಜೀಪು ನಿಂತಿತು. ಅಲ್ಲಿಂದ ಮುಂದೆ ಕಾಲುದಾರಿ. ಮೃಗಶಿರಾ ಮಳೆ ಇನ್ನೂ ಸರಿಯಾಗಿ ಹಿಡಿದಿರಲಿಲ್ಲವಾದರೂ ಅದರ ಮುನ್ಸೂಚನೆ ಕಾಡನ್ನೆಲ್ಲ ವ್ಯಾಪಿಸಿತ್ತು. ಬೇಸಿಗೆಯಲ್ಲಿ ಬೂದುಬಣ್ಣ ತಾಳಿದ್ದ ಮತ್ತಿಯ ಮರಗಳು ಎಳೆಯ ತಾಮ್ರವರ್ಣದ ಚಿಗುರನ್ನು ಹೊತ್ತು ನಿಂತಿದ್ದವು. ಒಣಗಿದ ಬಿದಿರಿನ ಮೆಳೆಗಳು ಗಾಳಿಗೆ ಒಂದನ್ನೊಂದು ಉಜ್ಜಿ ನರಳುತ್ತಿದ್ದವು. ಹೊನ್ನೆಯ ಕಾಂಡದ ಗಾಯಗಳಿಂದ ರಕ್ತದಂತಹ ಅಂಟು ಇಳಿದು ಹೆಪ್ಪುಗಟ್ಟಿತ್ತು. ಪಶ್ಚಿಮದಲ್ಲಿ ಮೋಡಗಳು ಪದರದ ಮೇಲೆ ಪದರವಾಗಿ ಏರುತ್ತಿದ್ದವು. ಬಿಸಿಲಿತ್ತು, ಆದರೆ ಅದಕ್ಕೆ ಆಯುಷ್ಯವಿರಲಿಲ್ಲ. ಒಮ್ಮೆ ಮಳೆ ಹಿಡಿಯಿತೆಂದರೆ ಗಡಿಗೆ ಅಬ್ಬಿಯ ಮಡು ದೀಪಾವಳಿಯವರೆಗೂ ತಳ ತೋರುವುದಿಲ್ಲ, ಅಷ್ಟರಲ್ಲಿ ತಳದ ಕಲ್ಲುಗಳೆಲ್ಲ ಹೊಳೆಯ ಪಾಲಾಗಿರುತ್ತವೆ ಎಂಬುದನ್ನು ನಾಲ್ವರೂ ಅರಿತಿದ್ದರು.

ತಿರುವೊಂದರಲ್ಲಿ ಚೌಡಯ್ಯ ಥಟ್ಟನೆ ಕೈಯೆತ್ತಿದ.

ದಾರಿಗೆ ಅಡ್ಡವಾಗಿ ಕಾಟಿಯೊಂದು, ಆಳೆತ್ತರದ ಕಾಡುಕೋಣ, ನಿಂತಿತ್ತು. ಅದರ ಬೆನ್ನಿನ ಕರಿಯ ಮಾಂಸಖಂಡ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಅದು ತಲೆ ತಗ್ಗಿಸಿ ನೆಲವನ್ನು ಮೂಸಿತು, ಬುಸುಗುಟ್ಟಿತು, ಮುಂಗಾಲಿನಿಂದ ಮಣ್ಣು ಕೆದಕಿತು.

"ಯಾರೂ ಅಲುಗಾಡ್ಬೇಡಿ," ಎಂದು ಚೌಡಯ್ಯ ಪಿಸುಗುಟ್ಟಿದ. ಈಗ ಅವನ ದನಿಯಲ್ಲಿ ಹಾಸ್ಯವಿರಲಿಲ್ಲ.

ಯಾರೂ ಅಲುಗಾಡಲಿಲ್ಲ. ರಶ್ಮಿ ಹಿಂದಿನಿಂದ ಮಾವನ ಬೆನ್ನಿಗೆ ಅಂಗೈ ಆನಿಸಿ ನಿಂತಳು. ಬಹಳ ಹೊತ್ತಿನ ಮೇಲೆ ಕಾಟಿ ಒಮ್ಮೆ ಕಿವಿ ಬೀಸಿ, ಮೆಳೆಯನ್ನು ಮುರಿದುಕೊಂಡು ಕೆಳಗಿಳಿಯಿತು.

"ನೋಡಿದ್ರಾ, ಓಡಿದ್ನಾ?" ಎಂದ ಚೌಡಯ್ಯ, ಬೆವರೊರೆಸಿಕೊಳ್ಳುತ್ತ.

"ಕಾಲು ಬಂದಿಲ್ಲ, ಅದಕ್ಕೆ ಓಡಿಲ್ಲ," ಎಂದ ಶಿವಪ್ರಸಾದ್.

ಮುಂದೆ ಒಂದು ಹಳ್ಳ. ಮೊಣಕಾಲಿಗೂ ಬಾರದ ನೀರು. ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಟ್ಟು ದಾಟಿದರು. ದಾಟಿದ ಮೇಲೆ ಶಿವಪ್ರಸಾದ್ ಹಿಂತಿರುಗಿ ಹಳ್ಳವನ್ನು ನೋಡಿದ, ಮೋಡವನ್ನು ನೋಡಿದ; ಉದ್ದದ ಹಗ್ಗವೊಂದನ್ನು ಎರಡೂ ದಡದ ಮರಗಳಿಗೆ ಬಿಗಿದು ಕಟ್ಟಿ ಬಂದ.

"ಇಷ್ಟು ನೀರಿಗೆ ಹಗ್ಗನಾ?" ಎಂದು ಚೌಡಯ್ಯ ಕೇಳಿದ.

"ಬರುವಾಗ ಇಷ್ಟೇ ಇರುತ್ತೆ ಅಂತ ಬರೆದು ಕೊಡ್ತೀಯಾ?"

ಚೌಡಯ್ಯ ಮೋಡದ ಕಡೆ ನೋಡಿ ಮುಂದೆ ನಡೆದ.

ಗಡಿಗೆ ಅಬ್ಬಿ ದೂರದಿಂದ ಕಾಣುವ ಜಲಪಾತವಲ್ಲ. ಬಂಡೆಗಳ ಎರಡು ಗೋಡೆಗಳ ನಡುವೆ ಬಾಗಿ ನಡೆದು, ಕೊನೆಯ ಬಂಡೆಯನ್ನು ಬಳಸಿದಾಗ ಒಮ್ಮೆಲೇ ಎದುರಾಗುತ್ತದೆ. ಮೇಲೆ ಗುಡ್ಡದ ಸೀಳು. ಅದರಿಂದ ಇಳಿಯುವ ನೀರು ಎರಡಾಳು ಎತ್ತರದ ಕಪ್ಪು ಬಂಡೆಗೆ ತಾಗಿ ಕೆಳಗಿನ ಮಡುವಿಗೆ ಬೀಳುತ್ತದೆ. ಯುಗಯುಗಗಳಿಂದ ನೀರು ಕಡೆದು ಕಡೆದು ಆ ಬಂಡೆಯೊಳಗೆ ಗಡಿಗೆಯ ಆಕಾರವನ್ನು ಕೆತ್ತಿದೆ. ಬಾಯಿ ಕಿರಿದು, ಹೊಟ್ಟೆ ವಿಶಾಲ. ಮೇಲೆ ಮುತ್ತುಗದ ಟೊಂಗೆಗಳು ಬಾಗಿ ಮುಚ್ಚಿರುವುದರಿಂದ ಬೆಳಕು ಹಸುರಾಗಿ ಇಳಿಯುತ್ತದೆ. ಆ ಬೆಳಕಿನಲ್ಲಿ ನೀರು ನಿಶ್ಚಲವೆಂಬಂತೆ ತೋರುತ್ತಿತ್ತು. ಆ ತೋರಿಕೆಯನ್ನು ನಂಬುವಂತಿರಲಿಲ್ಲ.

ರಶ್ಮಿ ಧುಮುಕಲು ಸಿದ್ಧಳಾದಾಗ ಶಿವಪ್ರಸಾದ್ ತಡೆದ.

"ಹಾಗೇ ಇಳಿದ್ರೆ ಸಂಜೆವರೆಗೂ ತಡಕಾಡ್ಬೇಕು. ಮೊದ್ಲು ನೀರನ್ನೇ ಕೇಳೋಣ."

ಅವನು ಲಿಂಗದ ಗಾತ್ರದ ಕಲ್ಲುಗಳನ್ನು ಆರಿಸಿ, ಒಂದೊಂದಕ್ಕೂ ಕೆಂಪು ಟೇಪು ಸುತ್ತಿದ. ಹಿಂದಿನ ದಿನ ನಿಂತಿದ್ದ ಜಾಗದಲ್ಲಿಯೇ ನಿಲ್ಲುವಂತೆ ಚಂದ್ರಶೇಖರಪ್ಪನವರಿಗೆ ಹೇಳಿದ. ಅವರು ಅಂಗೈಯನ್ನು ಅದೇ ರೀತಿ ಒಡ್ಡಿ, ಕಲ್ಲುಗಳನ್ನು ಒಂದಾದ ಮೇಲೊಂದರಂತೆ ಧಾರೆಗೆ ಒಪ್ಪಿಸಿದರು. ಕನ್ನಡಕ ಧರಿಸಿ ನೀರೊಳಗಿದ್ದ ರಶ್ಮಿ ಕೆಂಪು ಚುಕ್ಕೆಗಳ ಜಾಡು ಹಿಡಿದಳು. ಎಲ್ಲವೂ ನೇರವಾಗಿ ಮುಳುಗದೆ, ಎಡಕ್ಕೆ ಸುತ್ತಿ, ಬಂಡೆಯ ಚಾಚಿನ ಕೆಳಗಿದ್ದ ಒಂದೇ ಗುಳಿಯೊಳಗೆ ಹೋಗಿ ಸೇರಿದವು.

ಅವಳು ಮೇಲೆದ್ದು ಉಸಿರೆಳೆದುಕೊಂಡಳು. "ಚಾಚಿನ ಕೆಳಗೆ! ಎಲ್ಲಾ ಅಲ್ಲೇ ಹೋಗ್ತಿದೆ!"

ಶೋಧ ಪ್ರಾರಂಭವಾಯಿತು. ಚೌಡಯ್ಯ ಸೀಟಿ ಹಿಡಿದು ಮೇಲಿನ ಬಂಡೆಯನ್ನೇರಿದ. ಗುಡ್ಡದ ಕಡೆಯಿಂದ ಬರುವ ನೀರನ್ನು ಕಾಯುವುದು ಅವನ ಕೆಲಸ. ರಶ್ಮಿಯ ಸೊಂಟಕ್ಕೆ ಕಟ್ಟಿದ ಹಗ್ಗ ಶಿವಪ್ರಸಾದನ ಕೈಯಲ್ಲಿತ್ತು. ಅವಳು ಮುಳುಗಿ, ಈರುಳ್ಳಿಯ ಬಲೆಚೀಲದಲ್ಲಿ ಕಲ್ಲುಗಳನ್ನು ಬಾಚಿ ತರುತ್ತಿದ್ದಳು. ದಡದಲ್ಲಿ ಕುಳಿತ ಚಂದ್ರಶೇಖರಪ್ಪನವರು ಒಂದೊಂದನ್ನೂ ಎಡ ಅಂಗೈಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ಅವಸರವಿಲ್ಲ. ಭಾರವನ್ನು ಅಂಗೈಗೆ ತಿಳಿಯಗೊಟ್ಟು, ಅದು ಕೂರುವ ಬಗೆಯನ್ನು ಗಮನಿಸಿ, ಆಮೇಲೆ ಹೇಳುತ್ತಿದ್ದರು.

"ಅಲ್ಲ."

ಮತ್ತೊಂದು.

"ಅಲ್ಲ."

ಒಂದು ಕಲ್ಲನ್ನು ಮಾತ್ರ ಅವರು ಬಹಳ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡರು. ರಶ್ಮಿ ಬಂಡೆಯ ಅಂಚನ್ನು ಹಿಡಿದು ನೋಡುತ್ತಿದ್ದಳು. ಕೊನೆಗೆ ಅವರು ಆ ಕಲ್ಲನ್ನೂ ಪಕ್ಕದ ರಾಶಿಗೆ ಸೇರಿಸಿದರು.

ಬಿಸಿಲು ಮಾಯವಾಯಿತು. ಮುದುಕರ ಮುಖ ಬಿಳಿಚಿಕೊಳ್ಳುತ್ತಿತ್ತು. ರಶ್ಮಿ ವಿಶ್ರಮಿಸಲೆಂದು ಅಂಚಿಗೆ ಬಂದಾಗ ಶಿವಪ್ರಸಾದ್ ಅವಳ ಕಿವಿಯ ಬಳಿ ಬಾಗಿದ.

"ಮೇಡಂ, ಅದೇ ಥರ ಇರೋ ಕಲ್ಲೊಂದನ್ನ ನಾವೇ ಇದು ಅಂತ ಕೊಟ್ಬಿಟ್ರೆ? ಅವರ ಜೀವ ಮುಖ್ಯ."

"ಆ ಕೈಗೆ ಸುಳ್ಳು ಹೇಳೋಕಾಗಲ್ಲ ಶಿವಪ್ರಸಾದ್. ನೋಡ್ತಿಲ್ವಾ?"

ಅವಳು ಮತ್ತೆ ಮುಳುಗಿದಳು. ಗುಳಿಯ ಹಿಂದೆ, ಕೈ ಮಾತ್ರ ತೂರುವಷ್ಟು ಕಿರಿದಾದ ಇನ್ನೊಂದು ಗೂಡು ಅವಳಿಗೆ ಸಿಕ್ಕಿತ್ತು. ಆದರೆ ಹಗ್ಗ ಚಾಚಿಗೆ ಸಿಲುಕಿ ಹಿಂದಕ್ಕೆಳೆಯುತ್ತಿತ್ತು. ನೀರೊಳಗೇ ಅವಳು ಗಂಟನ್ನು ಬಿಚ್ಚಿದಳು. ಶಿವಪ್ರಸಾದನ ಕೈಯಲ್ಲಿದ್ದ ಹಗ್ಗ ಸಡಿಲವಾಯಿತು.

"ಹಗ್ಗ ಬಿಚ್ಚಿದ್ದಾಳೆ!" ಎಂದು ಅವನು ಕೂಗಿದ.

ಅದೇ ಕ್ಷಣ ಸೀಟಿ ಕೇಳಿಸಿತು.

ಒಂದು ಸಲ. ಆಮೇಲೆ ನಿಲ್ಲದೆ.

ಮೇಲಿನಿಂದ ಚೌಡಯ್ಯ ಎರಡೂ ಕೈ ಬೀಸುತ್ತಿದ್ದ. "ಕೆಂಪು ನೀರು! ಗುಡ್ಡದಿಂದ ಕೆಂಪು ನೀರು ಬರ್ತಿದೆ! ಏಳ್ರಿ, ಏಳ್ರಿ!"

ಧಾರೆಯ ಶಬ್ದ ಬದಲಾಯಿತು. ಎಲೆಗಳು ಬಂದವು. ಕಡ್ಡಿಗಳು ಬಂದವು. ಹಸುರು ನೀರಿನಲ್ಲಿ ಕೆಮ್ಮಣ್ಣಿನ ನೂಲೊಂದು ಬಿಚ್ಚಿಕೊಳ್ಳತೊಡಗಿತು.

ರಶ್ಮಿ ಮೇಲೆದ್ದಳು. ಚೀಲವಿರಲಿಲ್ಲ, ಮುಷ್ಟಿಯಲ್ಲಿ ಒಂದೇ ಕಲ್ಲು. ಅದನ್ನು ಮಾವನ ಕೈಗೆ ತುರುಕಿದಳು.

"ಮೇಲೆ ಬನ್ನಿ ಮೇಡಂ! ಕೈ ಕೊಡಿ!" ಎಂದು ಶಿವಪ್ರಸಾದ್ ತೋಳು ಚಾಚಿದ.

"ಒಳಗೆ ಇನ್ನೊಂದು ಗೂಡಿದೆ. ನುಣ್ಣಗಿರೋದೇನೋ ಬೆರಳಿಗೆ ತಾಗಿದೆ. ಇನ್ನೊಂದೇ ಸಲ!"

"ಬೇಡ!"

"ಇನ್ನೊಂದೇ ಸಲ!" ಅವಳು ಉಸಿರು ತುಂಬಿಕೊಂಡಳು. ತಲೆ ಬಾಗಿತು.

"ಸಿಕ್ತು!"

ಚಂದ್ರಶೇಖರಪ್ಪನವರು ಎದ್ದು ನಿಂತಿದ್ದರು. ಎಡ ಮುಷ್ಟಿ ಬಿಗಿಯಾಗಿ ಮುಚ್ಚಿತ್ತು. ಕಲ್ಲು ಅಂಗೈಗೆ ತಾಗಿ ಕಣ್ಣೆವೆ ಇಕ್ಕುವಷ್ಟು ಹೊತ್ತೂ ಆಗಿರಲಿಲ್ಲ.

"ಸಿಕ್ತು ರಶ್ಮೀ! ಇದೇ! ಮೇಲೆ ಬಾ!"

ಅವಳು ಒಂದು ಗಳಿಗೆ ಮಾವನ ಮುಖ ನೋಡಿದಳು. ಆಮೇಲೆ ಕೈ ಚಾಚಿದಳು. ಶಿವಪ್ರಸಾದ್ ಮಣಿಕಟ್ಟು ಹಿಡಿದೆಳೆದ. ಅವಳ ಕಾಲು ಬಂಡೆಯನ್ನು ಮುಟ್ಟಿತು. ಮೂವರೂ ತೆವಳಿ ಮೇಲಿನ ಹಾಸುಬಂಡೆಗೆ ಏರಿದರು.

ಬಂಡೆಯ ಸೀಳಿನಿಂದ ಪ್ರವಾಹ ಬಿತ್ತು. ಗಡಿಗೆಯ ಬಾಯಿ ಮುಚ್ಚಿಹೋಯಿತು. ಅವರು ಕುಳಿತಿದ್ದ ಜಾಗ, ಆರಿಸಿಟ್ಟ ಕಲ್ಲುಗಳ ರಾಶಿ, ಸಡಿಲವಾದ ಹಗ್ಗ ಎಲ್ಲವೂ ಕೆಂಪು ನೊರೆಯೊಳಗೆ ಅದೃಶ್ಯವಾದವು.

ಮಳೆ ಅವರನ್ನು ಹಿಂತಿರುಗುವ ದಾರಿಯಲ್ಲಿ ಹಿಡಿಯಿತು.

ಬೆಳಗ್ಗೆ ದಾಟಿದ ಹಳ್ಳ ಈಗ ಎದೆಮಟ್ಟಕ್ಕೆ ಹರಿಯುತ್ತಿತ್ತು. ಕಲ್ಲುಗಳು ಕಾಣದಾಗಿದ್ದವು. ದಡದಿಂದ ದಡಕ್ಕೆ ಬಿಗಿದ ಹಗ್ಗ ಮಾತ್ರ ನೀರಿನ ಮೇಲೆ ಕಂಪಿಸುತ್ತಿತ್ತು. ಚೌಡಯ್ಯ ಅದನ್ನು ನೋಡಿದ, ಶಿವಪ್ರಸಾದನನ್ನು ನೋಡಿದ.

"ಅಮ್ಮಾ ತಾಯಿ," ಎಂದುಕೊಂಡು, ಕಣ್ಣು ಮುಚ್ಚಿ, ನೀರಿಗಿಳಿಯಲಾರೆನೆಂದವನೇ ಮೊದಲು ಇಳಿದ. ಹಗ್ಗವನ್ನು ತಬ್ಬಿ ಆಚೆ ಸೇರಿದ. ಅವನ ಹಿಂದೆ ಶಿವಪ್ರಸಾದ್, ನಂತರ ಚಂದ್ರಶೇಖರಪ್ಪನವರು, ಕೊನೆಯಲ್ಲಿ ರಶ್ಮಿ.

ಚಂದ್ರಶೇಖರಪ್ಪನವರು ಬಲಗೈಯಿಂದ ಮಾತ್ರ ಹಗ್ಗ ಹಿಡಿದಿದ್ದರು. ಎಡ ಮುಷ್ಟಿ ಇನ್ನೂ ಮುಚ್ಚಿಯೇ ಇತ್ತು. ಸಿಕ್ಕ ಲಿಂಗವನ್ನು ಕೊರಳ ಕರಡಿಗೆಗೆ ಏಕೆ ಸೇರಿಸಲಿಲ್ಲವೆಂಬುದು ದಾರಿಯುದ್ದಕ್ಕೂ ರಶ್ಮಿಗೆ ಒಗಟಾಗಿತ್ತು.

ನಡುನೀರಿನಲ್ಲಿ ಅವರ ಕಾಲು ಜಾರಿತು. ದೇಹ ಪ್ರವಾಹಕ್ಕೆ ಅಡ್ಡವಾಗಿ ತೇಲಿತು. ಬಲಗೈಯೊಂದೇ ಅವರನ್ನು ಹಿಡಿದಿತ್ತು, ಅದರ ಬೆರಳುಗಳೂ ಒಂದೊಂದಾಗಿ ಬಿಡುತ್ತಿದ್ದವು.

"ಎರಡೂ ಕೈಯಲ್ಲಿ ಹಿಡೀರಿ ಮಾವ!"

ಅವರು ಎಡ ಮುಷ್ಟಿಯನ್ನು ಬಿಚ್ಚಿದರು. ಕರಿಯ ಕಲ್ಲು ಒಮ್ಮೆ ಹೊಳೆದು ನೀರಿಗೆ ಬಿತ್ತು. ಅವರು ಎರಡೂ ಕೈಗಳಿಂದ ಹಗ್ಗ ಹಿಡಿದರು.

"ಮಾವಾ! ಲಿಂಗ!"

"ಹಗ್ಗ ಬಿಡಬೇಡ. ಮುಂದೆ ನಡಿ," ಎಂದರು ಅವರು.

ಶಿವಪ್ರಸಾದ್ ಅವರ ತೋಳು ಹಿಡಿದು ದಡಕ್ಕೆಳೆದ. ರಶ್ಮಿ ಹಿಂದೆಯೇ ಬಂದು ಕೆಸರಿನಲ್ಲಿ ಕುಸಿದಳು.

"ಹೋಯ್ತಲ್ಲ ಮಾವ! ಸಿಕ್ಕಿದ್ದು ಮತ್ತೆ ಹೋಯ್ತಲ್ಲ!"

"ಸಿಕ್ಕಿರಲಿಲ್ಲ ಕಣಮ್ಮ. ಅದು ಬರೀ ಮಡುವಿನ ಕಲ್ಲು."

ಹಗ್ಗ ಬಿಚ್ಚುತ್ತಿದ್ದ ಶಿವಪ್ರಸಾದನ ಕೈ ನಿಂತಿತು.

"ಸುಳ್ಳು ಹೇಳಿದ್ರಾ?" ಎಂದು ರಶ್ಮಿ ಕೇಳಿದಳು. "ನೀವು?"

"ಹೇಳಿದೆ. ನಿಜ ಹೇಳಿದ್ರೆ ನೀನು ಮೇಲೆ ಬರ್ತಿರಲಿಲ್ಲ."

"ಕೈಗೆ ತಾಗಿತ್ತು ಮಾವ. ಇನ್ನೊಂದು ಸಲ ಬಿಟ್ಟಿದ್ರೆ ತಂದಿರ್ತಿದ್ದೆ."

"ಸಿಗ್ತಿತ್ತೋ ಏನೋ. ತರೋಕೆ ನೀನಿರ್ತಿರಲಿಲ್ಲ."

ರಶ್ಮಿ ಮುಖ ತಿರುಗಿಸಿಕೊಂಡಳು. ಚೌಡಯ್ಯ ಮೆಲ್ಲಗೆ ಹೇಳಿದ. "ಮೇಡಂ, ಕೋಪ ಆಮೇಲೆ ಮಾಡ್ಕೊಳಿ. ಕುತ್ತಿಗೆ ಹಿಂದೆ ಉಂಬಳ ಕಚ್ಚಿ ರಕ್ತ ಹೀರ್ತಿದೆ."

ಅವಳು ಉಂಬಳವನ್ನು ಕಿತ್ತೆಸೆದು ಎದ್ದಳು. ಮಾವನಿಗೆ ಹೆಗಲು ಕೊಡಲು ಶಿವಪ್ರಸಾದ್ ಮುಂದಾದಾಗ ಅವನನ್ನು ಸರಿಸಿ ತಾನೇ ಕೊಟ್ಟಳು.

ಶಿವಪ್ರಸಾದ್ ಎಂಜಿನ್ ಚಾಲೂ ಮಾಡಿದ. "ಕೋಟೆಗಾ ಯಜಮಾನ್ರೆ?"

"ಹುಡುಕಿದ್ದಾಯ್ತಪ್ಪ. ಇನ್ನು ಕೇಳಿದ್ರೆ ಹೇಳೋಕೆ ಉತ್ತರ ಇದೆ. ಮಠಕ್ಕೆ ನಡಿ."

ಮಠ ಇದ್ದದ್ದು ರಾಗಿಗುಡ್ಡದ ಆಚೆ. ಅಲ್ಲಿಗೆ ತಲುಪುವಾಗ ಇನ್ನೂ ಹಗಲಿತ್ತು. ಒದ್ದೆಯ ಬಟ್ಟೆಯಲ್ಲಿಯೇ, ಗೋಡೆ ಹಿಡಿದು, ಚಂದ್ರಶೇಖರಪ್ಪನವರು ಗುರುಗಳ ಎದುರು ಕುಳಿತರು. ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಹೇಳಿದರು. ಧಾರೆಗೆ ಅಂಗೈ ಒಡ್ಡಿದ್ದನ್ನೂ ಬಿಡಲಿಲ್ಲ, ಸುಳ್ಳನ್ನೂ ಬಿಡಲಿಲ್ಲ.

"ಲಿಂಗದ ಹೆಸರಿನಲ್ಲಿ ಸುಳ್ಳಾಡಿದ್ದೇನೆ ಬುದ್ಧಿ. ಅದಕ್ಕೆ ಪ್ರಾಯಶ್ಚಿತ್ತ ಏನು ಅಂತ ಅಪ್ಪಣೆಯಾಗಬೇಕು."

ಗುರುಗಳು ಬಾಗಿಲ ಬಳಿ ನಿಂತಿದ್ದ ರಶ್ಮಿಯನ್ನು ನೋಡಿದರು. "ಅದನ್ನ ನನ್ನ ಯಾಕೆ ಕೇಳ್ತೀರಿ? ಸುಳ್ಳು ಕೇಳಿಸ್ಕೊಂಡು ನಂಬಿದ್ದು ಆ ತಾಯಿ. ಅವಳನ್ನ ಕೇಳಿ."

ಚಂದ್ರಶೇಖರಪ್ಪನವರು ಸೊಸೆಯ ಕಡೆಗೆ ತಿರುಗಿದರು. ಅವರ ತುಟಿ ಪೂರ್ತಿ ಒಣಗಿತ್ತು.

"ಮೊದ್ಲು ಊಟ ಮಾಡ್ಲಿ," ಎಂದಳು ರಶ್ಮಿ. "ಬೇರೇನೂ ಬೇಡ."

ಗುರುಗಳು ಎದ್ದು ಒಳಗೆ ಹೋದರು. ವಿಧಿಗಳನ್ನು ಸಂಕ್ಷೇಪವಾಗಿ, ಆದರೆ ಲೋಪವಿಲ್ಲದೆ ನೆರವೇರಿಸಿ ಹೊಸ ಲಿಂಗವನ್ನು ಶಿಷ್ಯನ ಎಡ ಅಂಗೈಯ ಮೇಲಿರಿಸಿದರು. ಆ ಅಂಗೈಗೆ ಅದರ ಭಾರ ಅಪರಿಚಿತವಾಗಿತ್ತು. ಬೆರಳುಗಳು ಅದನ್ನು ಸುತ್ತುವರಿಯಲು ಒಂದು ಕ್ಷಣ ತಡವರಿಸಿದವು. ಅಭಿಷೇಕದ ತಂಬಿಗೆಯನ್ನು ಗುರುಗಳು ರಶ್ಮಿಯ ಕೈಗೆ ಕೊಟ್ಟರು. ಅವಳು ನೀರನ್ನು ನೂಲಿನಷ್ಟು ತೆಳುವಾಗಿ, ಬಹಳ ನಿಧಾನವಾಗಿ ಎರೆದಳು.

ಪೂಜೆ ಮುಗಿಯಿತು. ಚಂದ್ರಶೇಖರಪ್ಪನವರು ತೀರ್ಥ ಸೇವಿಸಿದರು.

ದಾಸೋಹದ ಪಡಸಾಲೆಯಲ್ಲಿ ನಾಲ್ವರಿಗೂ ಎಲೆ ಹಾಕಿದರು. ಚೌಡಯ್ಯ ತಾನು ಪ್ರವಾಹವನ್ನು ದಾಟಿದ ಬಗೆಯನ್ನು ಬಡಿಸುವವರಿಗೆ ವಿವರಿಸುತ್ತಿದ್ದ. ಅವನ ಮಾತಿನಲ್ಲಿ ಹಳ್ಳ ಆಗಲೇ ತುಂಗಭದ್ರೆಯಾಗಿತ್ತು. ಶಿವಪ್ರಸಾದ್ ತಿದ್ದಲಿಲ್ಲ. ರಶ್ಮಿ ತನ್ನ ಎಲೆಯಿಂದ ಎದ್ದು ಹೋಗಿ ಅನ್ನದ ಪಾತ್ರೆಯನ್ನು ತಂದಳು. ಮಾವನ ಎದುರು ಬಾಗಿ, ಕೇಳದೆಯೇ ಎರಡನೆಯ ಸಲ ಬಡಿಸಿದಳು.

ಅವರು ಬೇಡವೆನ್ನಲಿಲ್ಲ.